ಕೀಳುವುದಲ್ಲ, ಬೀಳ್ಕೊಡುವುದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಹಡಿಯ ಹೊಲಿಗೆ ಕೋಣೆಯಲ್ಲಿ ರಿಪೇರಿ ಅಕ್ಕ ಮಂಡಿಯೂರಿ, ಟಾರ್ಚು ಹಿಡಿದು ಕಂಪ್ಯೂಟರಿನ ಹಿಂಬದಿ ನೋಡುತ್ತಿದ್ದಾಳೆ. ಅಲ್ಲೊಂದು ಕೆಂಪು ಪೆನ್ ಡ್ರೈವ್ ಸಿಕ್ಕಿಸಿದೆ.

"ಅದನ್ನ ತೆಗೆದ್ರೆ ಇವರು ಇನ್ನೊಂದ್ಸಲ ಹೋಗ್ಬಿಡ್ತಾರೆ ಕಣಮ್ಮಾ" ಎಂದು ಟೈಲರಮ್ಮ ಅಂಗಲಾಚುತ್ತಾರೆ.

ಹೋದ ವರ್ಷ ತೀರಿಕೊಂಡ ಯಜಮಾನರ ಪ್ರಾರ್ಥನೆಯ ದನಿ ಆ ಕಂಪ್ಯೂಟರಿನಲ್ಲಿದೆ. ಅದನ್ನು ಕೇಳದೆ ಅವರು ಸೂಜಿಗೆ ದಾರ ಪೋಣಿಸುವುದಿಲ್ಲ. ಮೊನ್ನೆ ಮೈದುನ ಈ ಪೆನ್ ಡ್ರೈವಿನಿಂದ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿ, ಮುಗಿಯಿತೆಂದು ಅದನ್ನು ಕಿತ್ತ. ಮತ್ತೆ ಶುರು ಮಾಡಿದರೆ ಪರದೆ ಕಪ್ಪು. ಗಾಬರಿಯಿಂದ ಪುನಃ ಸಿಕ್ಕಿಸಿದ ಮೇಲೆ ಜೀವ ಬಂತು.

"ಅದು ಆಫೀಸಿಂದು ಅತ್ತಿಗೆ, ಇವತ್ತು ಕೊಡ್ಲೇಬೇಕು. ಏನಕ್ಕಾ, ಕಿತ್ಕೊಡೋಕೆ ಇಷ್ಟು ಹೊತ್ತಾ?" ಎಂದು ಪಕ್ಕದಲ್ಲೇ ನಿಂತ ಮೈದುನ ಅವಸರಿಸುತ್ತಾನೆ.

"ಕೀಳೋಕೆ ಇದೇನು ಕಳೆನಾ ಅಣ್ಣಾ? ಬಂದೋರನ್ನ ಬೀಳ್ಕೊಡ್ಬೇಕು."

ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದ ಅಕ್ಕ, ಕೆಟ್ಟ ಯಂತ್ರಗಳನ್ನು ಬಿಚ್ಚಿ ಬಿಚ್ಚಿ ಈ ವಿದ್ಯೆ ಕಲಿತಳು. ದಿನಕ್ಕೆ ನಾಲ್ಕೈದು ಮನೆ ಹತ್ತಿಳಿಯುತ್ತಾಳೆ, ಮಂಡಿ ಸವೆದಿದೆ. "ಗಂಡಸರು ಯಾರೂ ಬರ್ಲಿಲ್ವಾ?" ಎಂದು ಬಾಗಿಲಲ್ಲೇ ಕೇಳುವವರು ಇಂದಿಗೂ ಇದ್ದಾರೆ.

ಮೊದಲು ಯಜಮಾನರ ದನಿಯನ್ನು ತನ್ನ ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತಾಳೆ. ಆಮೇಲೆ ಪರದೆಯ ಮೇಲಿನ ಎರಡು ಡ್ರೈವುಗಳನ್ನೂ ತೆರೆದು, ಯಾವುದು ಮನೆಯದು, ಯಾವುದು ಹೊರಗಿನದು ಎಂದು ನೋಡುತ್ತಾಳೆ.

"ಮನೆ ಒಳಗೇ ಇದೆ ಅಮ್ಮಾ. ಬಾಗಿಲ ಬೀಗದ ಕೈ ಮಾತ್ರ ಪೆನ್ ಡ್ರೈವಲ್ಲಿ ಉಳಿದುಬಿಟ್ಟಿದೆ. ಅದನ್ನ ಒಳಗಿಡ್ತೀನಿ."

ಶುರುವಾಗಲು ಬೇಕಾದ ಕಡತಗಳನ್ನು ಒಳಗಿನ ಡಿಸ್ಕಿಗೆ ಬರೆಯುತ್ತಾಳೆ. ಇನ್ನು ತೆಗೆಯಬಹುದು, ಹೊರಡಲು ಅಪ್ಪಣೆಯಿದೆ ಎಂದು ಪರದೆ ಹೇಳುವವರೆಗೆ ಕಾದು, ಪೆನ್ ಡ್ರೈವನ್ನು ಮೆಲ್ಲಗೆ ಎಳೆದು ಮೈದುನನ ಅಂಗೈಗಿಡುತ್ತಾಳೆ. ಕಂಪ್ಯೂಟರನ್ನು ಆರಿಸಿ, ಮತ್ತೆ ಹಾಕುತ್ತಾಳೆ.

ಪರದೆ ಕಪ್ಪು.

ಟೈಲರಮ್ಮ ಸೆರಗಿನ ತುದಿ ಬಾಯಿಗೊತ್ತಿಕೊಳ್ಳುತ್ತಾರೆ. ಮೈದುನನ ಕೈ ತಾನಾಗಿ ಮತ್ತೆ ಕಂಪ್ಯೂಟರಿನ ಹಿಂಬದಿಗೆ ಹೋಗುತ್ತದೆ. "ಸುಮ್ನಿರಿ ಅಣ್ಣಾ" ಎಂದು ಅಕ್ಕ ತಡೆಯುತ್ತಾಳೆ. ಫ್ಯಾನು ಗುಂಯ್‌ಗುಡುತ್ತದೆ, ನಿಲ್ಲುತ್ತದೆ, ಮತ್ತೆ ಗುಂಯ್‌ಗುಡುತ್ತದೆ.

ನೀಲಿ ಬೆಳಕು ಮೂಡುತ್ತದೆ. ಅಕ್ಕ ಪ್ರಾರ್ಥನೆಯ ಕಡತವನ್ನು ಒತ್ತುತ್ತಾಳೆ. ಮೊದಲೊಂದು ಸಣ್ಣ ಕೆಮ್ಮು, ಆಮೇಲೆ ಮುದಿ ಗಂಡು ದನಿ, ದೇವರನ್ನು ಕರೆಯುತ್ತದೆ.

ಟೈಲರಮ್ಮ ಕಣ್ಣೊರೆಸಿಕೊಂಡು ಸೂಜಿ ಹುಡುಕುತ್ತಾರೆ.

"ಇನ್ನೇನಾದ್ರೂ ಆದ್ರೆ ನಿನ್ನನ್ನೇ ಕರೀತೀನಮ್ಮಾ."

ಚೀಲ ಹೆಗಲಿಗೇರಿಸಿದ ಅಕ್ಕ ಮೆಟ್ಟಿಲ ಬಳಿ ನಿಲ್ಲುತ್ತಾಳೆ. "ಕರೀಬೇಡಿ ಅಮ್ಮಾ. ನೀವು ನನ್ನ ಮರೆತುಬಿಟ್ರೆ, ಕೆಲಸ ಸರಿಯಾಗಿದೆ ಅಂತ ಲೆಕ್ಕ."