ಹಕೀಮರಿಗೆ ನಾನು ಓದಿ ಹೇಳಿದ ಪದ

ಮೊನ್ನೆ ಇಂದಿರಾನಗರದ ನಮ್ಮ ಲ್ಯಾಬಿಗೆ ರಕ್ತ ಕೊಡಲು ಬಂದಿದ್ದ ಹೆಂಗಸೊಬ್ಬರು ಕೈಚೀಲದಿಂದ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದರು. ನೀರಿರಬಹುದು ಅಂದುಕೊಂಡಿದ್ದೆ, ಯುನಾನಿಯವರು ಯಕೃತ್ತಿಗೆಂದು ಕೊಡುವ ಕಾಸ್ನಿ ಬೀಜದ ಕಷಾಯ. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಸೂಜಿಯನ್ನು ಟ್ರೇಯಲ್ಲಿಟ್ಟು, ಪಕ್ಕದ ಹುಡುಗಿಗೆ ನೀನೇ ತೆಗಿ ಅಂದುಬಿಟ್ಟೆ. ಇಷ್ಟು ವರ್ಷವಾದರೂ ಈ ಗೋಳು ಮುಗಿಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಅದು ಹಕೀಮರ ಅಂಗಡಿಯ ವಾಸನೆ. ಶಿವಾಜಿನಗರದ ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ ಕಡೆ ನುಗ್ಗಿದರೆ, ಬಟ್ಟೆ ಅಂಗಡಿಗಳನ್ನು ದಾಟಿ ಸಿಗುವ ಗಲ್ಲಿಯಲ್ಲಿ ಅವರು ಯುನಾನಿ ಔಷಧಿ ಮಾರುತ್ತಿದ್ದರು. ನಾನಾಗ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ಒದ್ದಾಡುತ್ತಿದ್ದೆ ಅನ್ನಬೇಕು. ಹಾವೇರಿ ಕಡೆಯಿಂದ ಬಂದ ಅಪ್ಪ ಕೆ.ಆರ್. ಪುರದ ಹತ್ತಿರ ಕಾರ್ಖಾನೆಯಲ್ಲಿದ್ದರು, ನಾನು ಹತ್ತನೆಯವರೆಗೂ ಕನ್ನಡ ಮೀಡಿಯಂ. ವೈದ್ಯಕೀಯ ಪದಗಳ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಮೂರನೆಯ ಸಲವೂ ಹೋದರೆ ಓದು ಸಾಕು ಎಂದು ಅಪ್ಪ ಹೇಳಿಯಾಗಿತ್ತು.

ಅವ್ವನ ಕೆಮ್ಮಿಗೆ ಔಷಧಿ ತರಲು ಹೋದವಳು, ಅಂಗಡಿಯ ಬೆಂಚಿನ ಮೇಲೆ ಕೂತು ಪದಗಳ ಪಟ್ಟಿ ಉರು ಹೊಡೆಯುತ್ತಿದ್ದೆ. ಪುಡಿ ಅರೆಯುತ್ತಿದ್ದ ಹಕೀಮರು ಕೈ ನಿಲ್ಲಿಸಿದರು.

"ಯಾಕ್ ಬೇಟಿ, ಅದನ್ನ ಹಂಗೆ ಬಡೀತಿದ್ದೀಯ? ನೆಫ್ರೋಸ್ ಅಂದ್ರೆ ಗುರ್ದಾ, ಮೂತ್ರಪಿಂಡ. ಅಷ್ಟೇ."

ಅವರಿಗೆ ಇಂಗ್ಲಿಷಿನ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೆ ಅವರ ಉಸ್ತಾದರು ಗ್ರೀಕ್ ಪದಗಳನ್ನೆಲ್ಲ ಉರ್ದುವಿನಲ್ಲಿ ಬರೆಸಿ ಬಾಯಿಪಾಠ ಮಾಡಿಸಿದ್ದರಂತೆ. ಯುನಾನಿ ಅಂದರೇನೇ ಗ್ರೀಕರದ್ದು ಎಂದು ನನಗೆ ತಿಳಿದದ್ದು ಅವತ್ತು. ಆಮೇಲೆ ಕಾಲೇಜು ಬಿಟ್ಟ ಕೂಡಲೇ ಅಲ್ಲಿ ಹೋಗಿ ಕೂರುವುದು ರೂಢಿಯಾಯಿತು. ನಾನು ಓದಬೇಕು, ಅವರು ಕೇಳಿಸಿಕೊಂಡು ಪದವನ್ನು ಎರಡಾಗಿ ಒಡೆಯಬೇಕು. "ತಲೆ ಎಲ್ಲಿ ಅಂತ ಹೇಳುತ್ತೆ, ಬಾಲ ಏನಾಗಿದೆ ಅಂತ ಹೇಳುತ್ತೆ" ಅನ್ನುತ್ತಿದ್ದರು. ಹೆಪಾರ್ ಅಂದರೆ ಯಕೃತ್ತು, ಆರ್ಥ್ರಾನ್ ಅಂದರೆ ಕೀಲು, ಇವೆಲ್ಲ ತಲೆ. ಆಲ್ಜಿಯಾ ನೋವು, ಐಟಿಸ್ ಉರಿಯೂತ, ಓಮಾ ಗಡ್ಡೆ, ಇವು ಬಾಲ. ಮೆಲಾಂಕೋಲಿಯಾ ಅಂದರೆ ಕಪ್ಪು ಪಿತ್ತ, ಅದು ಹೆಚ್ಚಾದರೆ ಮನಸ್ಸು ಕುಗ್ಗುತ್ತದೆ ಎಂದು ಹಿಂದಿನವರು ನಂಬಿದ್ದರಂತೆ. ನನ್ನ ಮೋರೆ ಸಪ್ಪಗಿದ್ದರೆ ಸಾಕು, ಇವತ್ತು ನಿಂಗೆ ಕಪ್ಪು ಪಿತ್ತ ಜಾಸ್ತಿಯಾಗಿದೆ ಎಂದು ರೇಗಿಸುವರು. ಎದುರಿನ ಮಾಂಸದಂಗಡಿಯತ್ತ ಬೆರಳು ತೋರಿಸಿ, ಹೆಪಾರ್ ನೋಡ್ಕೋ ಅನ್ನುವರು. ನಾನು ಮೂಗು ಮುಚ್ಚಿಕೊಂಡು ನೋಡುತ್ತಿದ್ದೆ.

ಒಮ್ಮೆ ಮಂಡಿನೋವಿನ ಮುದುಕರೊಬ್ಬರು ಆಸ್ಪತ್ರೆಯ ಚೀಟಿ ತಂದಿದ್ದರು. ನಾನು 'ಆರ್ಥ್ರಾಲ್ಜಿಯಾ' ಎಂದು ಓದಿದೆ. ಹಕೀಮರು ನಕ್ಕರು. "ಕೀಲುನೋವು ಅಂತ ನೀವೇ ಹೇಳಿದ್ರಿ. ಅದನ್ನೇ ನಮ್ಮ ಗ್ರೀಕಲ್ಲಿ ಬರೆದು ನಿಮಗೇ ವಾಪಸ್ ಕೊಟ್ಟಿದ್ದಾರೆ ನೋಡಿ."

ಮೂರನೆಯ ಸಲ ಪಾಸಾದೆ. ಇಂದಿರಾನಗರದ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮೊದಲ ದಿನವೇ ಹೇಳಿಕೊಟ್ಟದ್ದು, ರಿಪೋರ್ಟಿನ ಅರ್ಥವನ್ನು ನಾವು ಬಾಯಿಬಿಡಕೂಡದು ಎಂದು. ಯಾರು ಎಷ್ಟೇ ಗೋಗರೆದರೂ "ಡಾಕ್ಟರಿಗೆ ತೋರಿಸಿ" ಅನ್ನಬೇಕು. ಆ ಎರಡು ಮಾತನ್ನು ದಿನಕ್ಕೆ ಹತ್ತಾರು ಸಲ ಹೇಳಿ ನನ್ನ ನಾಲಿಗೆ ಸವೆದುಹೋಗಿದೆ.

ಒಂದು ಮಧ್ಯಾಹ್ನ ಹಕೀಮರೇ ಬಸ್ಸು ಹತ್ತಿ ಬಂದರು. ಸೊರಗಿದ್ದರು, ಕಣ್ಣು ಹಳದಿಯಾಗಿತ್ತು. ರಿಸೆಪ್ಷನ್ನಿನವಳಿಗೆ "ಇವಳು ನನ್ನ ಶಿಷ್ಯೆ" ಎಂದು ಹೆಮ್ಮೆಯಿಂದ ಹೇಳಿ, ಬೇರೆಲ್ಲೋ ಮಾಡಿಸಿದ ಸ್ಕ್ಯಾನಿನ ಲಕೋಟೆ ನನ್ನ ಕೈಗಿತ್ತರು.

"ಡಾಕ್ಟ್ರ ಹತ್ರ ಆಮೇಲೆ ಹೋಗ್ತೀನಿ. ಮೊದ್ಲು ನೀನು ಓದು, ನಾನು ಒಡೀತೀನಿ."

ಹಾಳೆಯ ಕೊನೆಯಲ್ಲಿ 'ಹೆಪಟೋಮಾ' ಎಂದಿತ್ತು. ಯಕೃತ್ತಿನ ಗಡ್ಡೆ. ಅವರು ಪರೀಕ್ಷೆಗೆ ಕೂತ ಮಗುವಿನಂತೆ ತಲೆ ವಾಲಿಸಿ ಕಾಯುತ್ತಿದ್ದರು. ಏನು ಯೋಚಿಸಿದೆನೋ, ಯೋಚಿಸಿದೆನೋ ಇಲ್ಲವೋ... ತಲೆಯನ್ನು ಹಾಗೇ ಇಟ್ಟು ಬಾಲ ಬದಲಿಸಿಬಿಟ್ಟೆ.

"ಹೆಪಟೈಟಿಸ್" ಅಂದೆ.

ಅವರ ಮುಖ ಅರಳಿತು. ಉರಿಯೂತ ತಾನೇ, ಅದಕ್ಕೆ ನಮ್ಮ ಕಾಸ್ನಿ ಸಾಕು, ಡಾಕ್ಟರೂ ಬೇಡ ಗೀಕ್ಟರೂ ಬೇಡ ಎಂದು ಎದ್ದು ಹೊರಟೇಬಿಟ್ಟರು.

ನಾಳೆ ಹೋಗಿ ನಿಜ ಹೇಳೋಣ ಅಂದುಕೊಂಡೆ. ಭಾನುವಾರ ಹೋದೆ ಕೂಡ. ಕಾಸ್ನಿ ಕುದಿಸುತ್ತ ಕೂತಿದ್ದರು, ಇದು ಕುಡಿದ್ಮೇಲೆ ಹಸಿವಾಗ್ತಿದೆ ಬೇಟಿ ಅಂದರು, ನನಗೂ ಟೀ ತರಿಸಿದರು. ಆ ಟೀ ಕುಡಿದು ಬಾಯಿ ಒರೆಸಿಕೊಂಡು ಬಸ್ಸು ಹತ್ತಿದೆನಲ್ಲ, ನನ್ನಂಥ ದಂಡಪಿಂಡ ಇನ್ನೊಬ್ಬಳಿರಲಾರಳು. ಅವರ ಮಗನಿಗಾದರೂ ಹೇಳಬಹುದಿತ್ತು. ಅವನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ.

ಎರಡು ತಿಂಗಳ ಮೇಲೆ, ಹೊಟ್ಟೆ ಊದಿಕೊಂಡಾಗ, ಆ ಮಗನೇ ಆಸ್ಪತ್ರೆಗೆ ಸೇರಿಸಿದ. ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಅಂದರಂತೆ. ನಿಜವಾಗಿ ಅಂದರೋ, ಎಲ್ಲರಿಗೂ ಅನ್ನುವ ಮಾತೋ... ನನಗಿನ್ನೂ ಗೊತ್ತಾಗಿಲ್ಲ.

ನೋಡಲು ಹೋದಾಗ ಹಕೀಮರು ನನ್ನ ಕೈ ಹಿಡಿದುಕೊಂಡರು. ಬೈಯಲಿ ಎಂದು ಕಾದೆ. ನಾಲ್ಕು ಬಾರಿಸಿದ್ದರೂ ನೆಮ್ಮದಿಯಾಗುತ್ತಿತ್ತು.

"ಬಾಲ ಓಮಾ ಇತ್ತಂತಲ್ಲ ಬೇಟಿ. ನೀನು ಓದೋದ್ರಲ್ಲಿ ತಪ್ಪಾಯ್ತು. ನಾನೇ ಸರಿಯಾಗಿ ಕಲಿಸ್ಲಿಲ್ಲ ಅನ್ಸುತ್ತೆ."

ಹೇಳಬೇಕಿತ್ತು. ಆಗಲಾದರೂ ಹೇಳಬೇಕಿತ್ತು. ಅವರು ಉಸಿರು ಎಳೆದುಕೊಂಡು, ಇನ್ನೊಂದ್ಸಲ ಕೇಳ್ಕೋ ಅಂದರು. ಐಟಿಸ್ ಬೇರೆ, ಓಮಾ ಬೇರೆ. ನಾಳೆ ಬೇರೆ ಯಾರದ್ದಾದ್ರೂ ರಿಪೋರ್ಟ್ ತಪ್ಪು ಓದ್ಬಾರ್ದು ನೋಡು. ಐಟಿಸ್ ಅಂದ್ರೆ? ಎಂದು ಕೇಳಿದರು. ಉರಿಯೂತ ಅಂದೆ. ಓಮಾ ಅಂದ್ರೆ? ಗಡ್ಡೆ ಅಂದೆ. ಶಾಬಾಷ್ ಎಂದು ದಿಂಬಿಗೆ ಒರಗಿದರು. ಆ ವಾರವೇ ತೀರಿಕೊಂಡರು.

ಈಗ ಆ ಗಲ್ಲಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ನಾನು ಆ ಕಡೆ ಹೋಗುವುದಿಲ್ಲ. ಲ್ಯಾಬಿನಲ್ಲಿ ಯಾರಾದರೂ ಹಾಳೆ ಚಾಚಿ ಏನಿದೆ ಮೇಡಂ ಎಂದು ಕೇಳಿದರೆ, ಡಾಕ್ಟರಿಗೆ ತೋರಿಸಿ ಅನ್ನುತ್ತೇನೆ. ಸ್ವಲ್ಪ ಗದರಿಸಿಯೇ ಅನ್ನುತ್ತೇನೆ. ಇದನ್ನು ಅವತ್ತು ಹಕೀಮರಿಗೂ ಅಂದಿದ್ದರೆ ಸಾಕಾಗಿತ್ತು, ಬೇರೆ ಯಾವ ಜಾಣತನವೂ ಬೇಕಿರಲಿಲ್ಲ. ತಾವು ಕಲಿಸಿದ ಹುಡುಗಿಗೆ ಓದಲು ಬರಲಿಲ್ಲ ಎಂದುಕೊಂಡೇ ಅವರು ಹೋದರು. ನನಗೆ ಓದಲು ಚೆನ್ನಾಗಿಯೇ ಬಂದಿತ್ತು.