ಕುತ್ತಿಗೆ ಇಲ್ಲದ ಹೂವು

ನನಗೂ ನನ್ನ ಅತ್ತೆಗೂ ಬಹಳ ಹೊಂದಾಣಿಕೆ ಇತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ರಾಯಚೂರಿನಿಂದ ಹೈದರಾಬಾದಿಗೆ ಬಂದ ಮೊದಲ ವಾರದಿಂದಲೇ ನಮ್ಮ ಜಗಳ ಶುರು. ಸಾರಿಗೆ ಹುಳಿ ಹೆಚ್ಚಾಯಿತೆಂದು, ಹಾಲು ಉಕ್ಕಿಸಿದೆನೆಂದು, ಏನೂ ಸಿಗದ ದಿನ ಕಿಟಕಿ ತೆರೆದಿಟ್ಟೆನೆಂದು. ಗಂಡ ಬೆಳಿಗ್ಗೆ ಆರಕ್ಕೆ ಕಾರ್ಖಾನೆಯ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ತಾರ್ನಾಕದ ಆ ಬಾಡಿಗೆ ಮನೆಯ ಹೊಸಿಲು ದಾಟಿದರೆ ತೆಲುಗು, ಇಲ್ಲವೇ ಹಿಂದಿ. ಒಳಗೆ ಕನ್ನಡದಲ್ಲಿ ಬೈದಾಡಲು ನನಗೆ ಅವರು, ಅವರಿಗೆ ನಾನು.

ಜಗಳಕ್ಕೆ ಬಿಡುವು ಮಂಗಳವಾರ. ಅಂದು ಶೇರ್ ಆಟೋ ಹಿಡಿದು ಊರಾಚೆಯ ಕೆರೆಗೆ ಹೊನಗೊನ್ನೆ ಸೊಪ್ಪು ಕೊಯ್ಯಲು ಹೋಗುತ್ತಿದ್ದೆವು. ಇಲ್ಲಿಯವರು ಪೊನ್ನಗಂಟಿ ಕೂರ ಎಂದು ಗಾಡಿಯ ಮೇಲೆ ಮಾರುವುದೂ ಅದನ್ನೇ. ಆದರೆ ಗಾಡಿಯದು ಸಪ್ಪೆ ಎಂದು ಅತ್ತೆ ಮೂಗು ಮುರಿಯುತ್ತಿದ್ದರು.

ಆ ಕೆರೆಯಲ್ಲೊಂದು ಪೇಚಿತ್ತು. ಹೊನಗೊನ್ನೆಯಂಥದೇ ಎಲೆ, ಅಂಥದೇ ಬಿಳಿ ಹೂವಿನ ಇನ್ನೊಂದು ಗಿಡ ಕೊಳಚೆ ನೀರು ಬಂದು ಸೇರುವ ಮೂಲೆಯಿಂದ ಹಬ್ಬುತ್ತಾ ಬಂದಿತ್ತು. ಆ ನೀರಿನ ವಿಷವನ್ನೆಲ್ಲ ಹೀರಿ ಕೊಬ್ಬಿದ ಗಿಡ. ಅದನ್ನು ಮೇಯ್ದ ಎಮ್ಮೆಗಳ ಮೂತಿಯ ಮೇಲೆ ಹುಣ್ಣೆದ್ದದ್ದನ್ನು ನಾವೇ ಕಂಡಿದ್ದೆವು. ಅತ್ತೆ ಅದನ್ನು ‘ಸವತಿ’ ಎಂದು ಕರೆಯುತ್ತಿದ್ದರು.

“ಹೂವಿಗೆ ಕುತ್ತಗಿ ಇರಬಾರದು ನೋಡವ್ವ. ಹೂ ಇಲ್ಲದ್ದನ್ನ ಮುಟ್ಟಾಕ ಹೋಗಬ್ಯಾಡ. ಎಳೀವು ಇದ್ದಾಗ ಎರಡೂ ಒಂದ ಕಾಣ್ತಾವ.”

ಹೊನಗೊನ್ನೆಯ ಹೂವು ಎಲೆಯ ಕಂಕುಳಲ್ಲಿ ಅಂಟಿಕೊಂಡು ಕೂತಿರುತ್ತದೆ. ಸವತಿಯದು ಉದ್ದ ತೊಟ್ಟಿನ ಮೇಲೆ ಕತ್ತು ಚಾಚಿ ನಿಂತಿರುತ್ತದೆ. ಕೊಯ್ಯುವ ಮೊದಲು ಅತ್ತೆ ಹೂವಿರುವ ಒಂದು ಕಡ್ಡಿ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು. ಅದೇ ಅಳತೆ. ನಾನು ಕೊಯ್ದ ಪ್ರತಿ ಹಿಡಿಯನ್ನೂ ಅದರ ಪಕ್ಕಕ್ಕೆ ಹಿಡಿದು ನೋಡಿದ ಮೇಲೆಯೇ ಚೀಲಕ್ಕೆ. ಕೃಷ್ಣೆಯ ದಂಡೆಯಲ್ಲಿ ಅವರ ತಾಯಿಯೂ ಹೀಗೇ ಮಾಡುತ್ತಿದ್ದರಂತೆ.

ಬರುಬರುತ್ತಾ ಅವರ ಕಣ್ಣು ಮಂಜಾದವು. ಆಗ ಬೆರಳಿನಿಂದ ಸವರಿ ಕಡ್ಡಿ ಆರಿಸತೊಡಗಿದರು, ಒಮ್ಮೆಯೂ ತಪ್ಪಲಿಲ್ಲ. ಆಮೇಲೆ ಸಕ್ಕರೆ ಕಾಯಿಲೆ ಬೆರಳಿಗೂ ಇಳಿದು ಅವು ಮರಗಟ್ಟಿದವು. ಕಾದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದರು ಒಂದು ದಿನ. ಅದಕ್ಕೂ ನಾನು ಜಗಳ ಮಾಡಿದೆ.

ಹಾಗಿರುವಾಗ ಒಂದು ಮಂಗಳವಾರ ಅವರು ಕಡ್ಡಿಯೊಂದನ್ನು ಸವರಿ, ತಲೆಯಾಡಿಸಿ, ಸೆರಗಿಗೆ ಕಟ್ಟಿಕೊಂಡರು. ಹೂವಿನ ಉದ್ದ ಕುತ್ತಿಗೆ ನನಗೆ ಸ್ಪಷ್ಟವಾಗಿ ಕಂಡಿತು. ಹೇಳಲು ಬಾಯಿ ಬರಲಿಲ್ಲ. ಅಂದು ಖುಷಿಯಲ್ಲಿದ್ದರು, ತಾಯಿಯ ಕಥೆ ಹೇಳುತ್ತಿದ್ದರು. ಇದೊಂದಾದರೂ ನನಗಿಂತ ತಮಗೇ ಚೆನ್ನಾಗಿ ಗೊತ್ತು ಎಂಬ ಬಿಗುಮಾನ ಅವರ ಮುಖದಲ್ಲಿತ್ತು. ನಾನು ಹಿಡಿ ಹಿಡಿ ಸವತಿಯನ್ನೇ ಕೊಯ್ದು, ಅವರ ಸೆರಗಿಗೆ ಹೋಲಿಸಿ ನೋಡಿ, ಚೀಲ ತುಂಬಿದೆ.

ಮನೆಗೆ ಬಂದವಳೇ ಹಿತ್ತಲಲ್ಲಿ ಸೋಸುತ್ತೇನೆಂದು ಹೇಳಿ ಅಷ್ಟನ್ನೂ ಕಸದ ಬುಟ್ಟಿಗೆ ಸುರಿದೆ. ಬೀದಿಗೆ ಹೋಗಿ ಗಾಡಿಯಿಂದ ಎರಡು ಕಟ್ಟು ತಂದೆ. ಬೇಳೆ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿ ರೊಟ್ಟಿಯ ಜೊತೆ ಬಡಿಸಿದೆ. ಅತ್ತೆ ಒಂದು ತುತ್ತು ತಿಂದರು.

“ಇದು ಗಾಡೀದು.”

“ಅಲ್ರಿ ಅತ್ತಿ, ಕೆರೀದ,” ಎಂದೆ.

ಅವರು ಸೆರಗಿನ ಗಂಟು ಬಿಚ್ಚಿ, ಬಾಡಿದ ಕಡ್ಡಿಯನ್ನು ಕೆನ್ನೆಗೆ ಒತ್ತಿ ಮೆಲ್ಲಗೆ ಎಳೆದುಕೊಂಡರು.

“ಕೈಗೆ ತಿಳೀಲಿಲ್ಲ. ಗಲ್ಲಕ್ಕ ತಿಳೀತು. ಕುತ್ತಗಿ ಐತಿ.” ಕಡ್ಡಿಯನ್ನು ತಟ್ಟೆಯ ಅಂಚಿಗಿಟ್ಟು ಕೇಳಿದರು, “ನಿನಗ ಕಂಡಿತ್ತಿಲ್ಲ?”

“ಹೂಂನ್ರಿ.”

“ಮತ್ಯಾಕ ಜಗಳ ತಗೀಲಿಲ್ಲ? ಉಪ್ಪು ಕಡಿಮಿ ಅಂದ್ರ ಮೂರು ದಿನ ಮಾತು ಬಿಡಾಕಿ ನೀ.”

ನಾನು ಕರುಣೆ ತೋರಿಸಿದ್ದೆ, ಅದು ಅವರಿಗೆ ಗೊತ್ತಾಗಿಬಿಟ್ಟಿತ್ತು. ತಪ್ಪೆಂದು ಕೂಗಾಡಿದ್ದರೆ ತಿರುಗಿ ಬೈದು ಮುಂದಿನ ವಾರ ಮತ್ತೆ ಚಪ್ಪಲಿ ಮೆಟ್ಟುತ್ತಿದ್ದರೇನೋ. ಆಮೇಲೆ ಅವರು ಕೆರೆಗೆ ಬರಲಿಲ್ಲ.

ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಮಂಗಳವಾರ ನಾನೊಬ್ಬಳೇ ಹೋಗುತ್ತೇನೆ. ಕಡ್ಡಿ ಆರಿಸಿ ನನ್ನ ಸೆರಗಿಗೇ ಕಟ್ಟಿಕೊಳ್ಳುತ್ತೇನೆ. ಅದು ಸರಿಯೋ ತಪ್ಪೋ ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಬಹಳ ಒಂಟಿ ಅನಿಸುತ್ತದೆ, ಸುಳ್ಳು ಹೇಳಲಾರೆ.

ಆದರೆ ಈ ಒಂಟಿತನ ಶುರುವಾದದ್ದು ಅವರು ಹೋದ ಮೇಲಲ್ಲ. ಆ ಪಲ್ಯದ ದಿನದ ನಂತರ ಅವರು ನನ್ನ ಯಾವ ಕೆಲಸದಲ್ಲೂ ತಪ್ಪು ಹುಡುಕಲಿಲ್ಲ. ಒಂದು ಮಧ್ಯಾಹ್ನ ತಡೆಯಲಾರದೆ ಬೇಕೆಂದೇ ಸಾರಿಗೆ ಎರಡರಷ್ಟು ಹುಣಸೆಹಣ್ಣು ಹಿಂಡಿದೆ. ಬಡಿಸಿ ಎದುರಿಗೇ ಕೂತೆ. ಅತ್ತೆ ಅನ್ನ ಕಲಸಿದರು, ಹುಳಿಗೆ ಕಣ್ಣು ಕಿರಿದು ಮಾಡಿದರು, ಒಂದೂ ಮಾತಾಡದೆ ಉಂಡು ಕೈ ತೊಳೆದುಕೊಂಡರು.