ಬಂದ್ ಮಾಡದ ಗಾಡಿ

ಸಿಂಧನೂರಿನ ಬಾಡಿಗೆ ಕಾರುಗಳ ಸ್ಟ್ಯಾಂಡಿನಲ್ಲಿ ಡ್ರೈವರುಗಳಿಗಿಂತ ಡಾಕ್ಟರುಗಳೇ ಹೆಚ್ಚು. ಯಾರ ಗಾಡಿ ಕೆಮ್ಮಿದರೂ ಬಾನೆಟ್ ಎತ್ತುವ ಮೊದಲೇ ರೋಗದ ಹೆಸರು ಹೇಳಿಬಿಡುತ್ತಾರೆ. ಮೆಕ್ಯಾನಿಕನ ಹತ್ತಿರ ಹೋದವನು ಸ್ಟ್ಯಾಂಡಿನವರ ನಗೆಪಾಟಲಿಗೆ ಈಡಾಗುತ್ತಾನೆ. ವಳಕಮದಿನ್ನಿಯ ಗದ್ದೆಪ್ಪ ಪ್ರಾಯವನ್ನೆಲ್ಲ ಅಲ್ಲೇ ಕಳೆದವನು. ಲಿಂಗಸುಗೂರಿನ ಮದುವೆಗೂ ಅವನ ಹಳೆಯ ಬಿಳಿ ಪೆಟ್ರೋಲ್ ಕಾರೇ ಬೇಕೆನ್ನುವವರಿದ್ದರು. ಪ್ಲಗ್ ಬಿಚ್ಚಿ, ಪಾಲಿಶ್ ಕಾಗದದಿಂದ ತಿಕ್ಕಿ, ಮತ್ತೆ ಬಿಗಿಯುವುದು ಅವನಿಗೆ ಎಲೆಗೆ ಸುಣ್ಣ ಹಚ್ಚಿದಷ್ಟು ಸಲೀಸು.

ಆ ಕಾರು ಆಯಿಲ್ ಕುಡಿಯತೊಡಗಿದ್ದು ಅವನ ಹೆಂಡತಿ ಪಕೀರಮ್ಮನ ಕಿಡ್ನಿ ಕೈಕೊಟ್ಟ ವರ್ಷ. ವಾರಕ್ಕೆ ಎರಡು ಸಲ ಅವಳನ್ನು ಸಿಂಧನೂರಿನ ದವಾಖಾನೆಗೆ ಡಯಾಲಿಸಿಸ್‌ಗೆ ಕರೆತರಬೇಕಿತ್ತು. ಪ್ಲಗ್ ಬಿಚ್ಚಿದರೆ ತುದಿಯೆಲ್ಲ ಕಪ್ಪಗೆ, ಜಿಡ್ಡಾಗಿ, ಒದ್ದೆ. ಹೊಗೆ ನೀಲಿ. ಸ್ಟ್ಯಾಂಡಿನ ಹತ್ತು ಬಾಯಿ ಒಂದೇ ತೀರ್ಪು ಕೊಟ್ಟವು: ಇಂಜಿನ್ ಬೋರಿಗೆ ಬಂದಿದೆ, ಪಿಸ್ಟನ್ ರಿಂಗು ಸವೆದಿವೆ, ಪೂರಾ ಬಿಚ್ಚಬೇಕು. ಬಿಚ್ಚಿದರೆ ಗಾಡಿ ವಾರಗಟ್ಟಲೆ ನಿಲ್ಲುತ್ತದೆ. ಪಕೀರಮ್ಮನಿಗೆ ಅಷ್ಟು ಬಿಡುವೆಲ್ಲಿ? ಬೇರೆ ಗಾಡಿಯಲ್ಲಿ ಅವಳಿಗೆ ಮೈ ಚಾಚಲೂ ಆಗದು. ಇದರಲ್ಲಾದರೆ ಮುಂದಿನ ಸೀಟು ಕಿತ್ತು ಅವನೇ ಹಾಸಿಗೆ ಮಾಡಿದ್ದ. ಪ್ಲಗ್ ತಿಕ್ಕುತ್ತ, ಆಯಿಲ್ ಸುರಿಯುತ್ತ ದಿನ ನೂಕಿದ.

ಒಂದು ಬೇಸಿಗೆಯ ಮಧ್ಯಾಹ್ನ ದವಾಖಾನೆಯ ಮುಂದೆ ಗಾಡಿ ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಸೂಜಿ ಚುಚ್ಚಿದ ಕೈ ಹಿಡಿದುಕೊಂಡು ಪಕೀರಮ್ಮ ಯಾರದೋ ಟ್ರ್ಯಾಕ್ಟರಿನಲ್ಲಿ, ಭತ್ತದ ಚೀಲಗಳ ಮೇಲೆ ಮಲಗಿ ಊರು ಸೇರಿದಳು. ಅವತ್ತೇ ಗದ್ದೆಪ್ಪ ಗಟ್ಟಿ ಮಾಡಿಕೊಂಡ: ದವಾಖಾನೆಯ ಮುಂದೆ ಇನ್ನು ಗಾಡಿ ಬಂದ್ ಮಾಡುವುದಿಲ್ಲ. ಅವಳು ಒಳಗೆ ಯಂತ್ರಕ್ಕೆ ಕೈ ಕೊಟ್ಟು ಮಲಗಿದಷ್ಟು ಹೊತ್ತೂ ಇವನು ಹೊರಗೆ ಬೇವಿನ ಮರದಡಿ ಚಾಲೂ ಗಾಡಿಯಲ್ಲಿ ಕೂತಿರುತ್ತಿದ್ದ. ಚಾಲೂ ಗಾಡಿಯನ್ನು ಬೀದಿಯಲ್ಲಿ ಬಿಟ್ಟು ಒಳಗೆ ಹೋಗುವುದಾದರೂ ಹೇಗೆ?

ಪಕೀರಮ್ಮ ಬೇಡಿದ್ದು ಅದೊಂದನ್ನೇ. "ಗಾಡಿ ಬಂದ್ ಮಾಡಿ ಒಳಗ ಬರ್ರಿ. ಬಾಜೂಕ ಒಂದೀಟು ಕುಂದರ್ರಿ. ಒಬ್ಬಾಕಿಗೆ ಅಂಜಿಕಿ ಬರ್ತೈತಿ" ಎನ್ನುತ್ತಿದ್ದಳು. ಉಳಿದ ಮಂಚಗಳ ಪಕ್ಕ ಸ್ಟೂಲಿನ ಮೇಲೆ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಗದ್ದೆಪ್ಪ ಗದರುತ್ತಿದ್ದ, ಬಂದ್ ಮಾಡಿದರೆ ಊರಿಗೆ ವಾಪಸ್ ಹೋಗುವುದು ಹೇಗೆ ಎಂದು. ಈ ಸಲದ ಸುಗ್ಗಿಯಲ್ಲಿ, ಯಂತ್ರ ನಡೆಯುತ್ತಿರುವಾಗಲೇ, ಅವಳ ಎದೆಬಡಿತ ನಿಂತಿತು. ಹೊರಗೆ ಗಾಡಿ ಚಾಲೂ ಇತ್ತು.

ದಿನಕರ್ಮ ಮುಗಿದ ಮೇಲೆ ಅವನು ಕಾರನ್ನು ಮಸ್ಕಿಯ ಹಳೇ ಮೆಕ್ಯಾನಿಕ್ ರಹಮಾನಸಾಬನ ಶೆಡ್ಡಿಗೆ ಒಯ್ದ. ಇಂಜಿನ್ ಪೂರಾ ಬಿಚ್ಚು, ತಿಂಗಳು ನಿಂತರೂ ಈಗ ಅವಸರವಿಲ್ಲ ಎಂದ. ರಹಮಾನಸಾಬ ಮುಂಗೋಪಿ, ಕೆಲಸ ಹೇಳಿಕೊಡುವ ಗಿರಾಕಿಯನ್ನು ಕಂಡರೆ ಅವನಿಗಾಗದು. ಮೊದಲು ಸ್ಟಾರ್ಟ್ ಮಾಡಿ ಸುಮ್ಮನೆ ಬಿಡು ಎಂದು ಚಹಾ ಕುಡಿಯುತ್ತ ಕೂತ. ಒಂದಷ್ಟು ಹೊತ್ತು ಕಳೆದು ಆಕ್ಸಿಲರೇಟರ್ ಒತ್ತಿಸಿದ. ಸೈಲೆನ್ಸರಿನಿಂದ ನೀಲಿ ಹೊಗೆ ಬುಸ್ಸೆಂದು ಬಂತು, ಆಮೇಲೆ ತಿಳಿಯಾಯಿತು. ಪ್ಲಗ್ ಬಿಚ್ಚಿದ ತೂತುಗಳಿಗೆ ಮೀಟರ್ ಹಚ್ಚಿ ಒತ್ತಡವನ್ನೂ ನೋಡಿದ. ಎಲ್ಲ ಸಿಲಿಂಡರುಗಳೂ ಗಟ್ಟಿಯಾಗಿದ್ದವು.

"ಯಾವನಲೇ ನಿನಗ ರಿಂಗ್ ಹೋಗ್ಯಾವ ಅಂದಾಂವ?" ಎಂದ. "ರಿಂಗ್ ಚೊಲೊ ಅದಾವ. ಮ್ಯಾಲಿನ ವಾಲ್ವಿನ ರಬ್ಬರ್ ಸೀಲ್ ಒಣಗ್ಯಾವ. ನಿಂತಲ್ಲೇ ಚಾಲೂ ಇಟ್ಟಷ್ಟೂ ಆಯಿಲ್ ಒಳಗ ಇಳೀತೈತಿ, ಪ್ಲಗ್ ತೊಯ್ತೈತಿ. ಎಲ್ಲಿ ನಿಂದರಸ್ತಿದ್ದಿ ಅಷ್ಟೊತ್ತು?"

ಗದ್ದೆಪ್ಪ ರಿಪೇರಿಗೆ ಎಷ್ಟು ದಿನ ಬೇಕು ಎಂದಷ್ಟೇ ಕೇಳಿದ.

"ದಿನ ಎಲ್ಲಿದು? ಮುಂಜಾನಿ ಬಿಟ್ಟರ ಸಂಜೀಕ ಒಯ್ಯಬಹುದು."

ಗದ್ದೆಪ್ಪ ಶೆಡ್ಡಿನಲ್ಲಿದ್ದ ಹಳೇ ಟೈರಿನ ಮೇಲೆ ಕೂತು ಕಾದ. ಸಂಜೆಗೆ ರಹಮಾನಸಾಬ ಅಂಗೈಯಲ್ಲಿ ತೋರಿಸಿದ್ದು ಬೆರಳ ತುದಿಯಷ್ಟರ ರಬ್ಬರ್ ಟೋಪಿಗಳು, ಒಣಗಿ ಕಲ್ಲಾಗಿದ್ದವು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಉರಿ ಎಂಥದ್ದೆಂದು ಅವನಿಗೆ ಗೊತ್ತಾಯಿತು. ಡಯಾಲಿಸಿಸ್ ಇಲ್ಲದ ಒಂದೇ ಒಂದು ದಿನ ಮಸ್ಕಿಗೆ ಬಂದಿದ್ದರೆ ಸಾಕಿತ್ತು. ಸ್ಟ್ಯಾಂಡಿನವರ ಮುಂದೆ ಶಾಣ್ಯಾ ಆಗಲು ಹೋಗಿ, ಕಟ್ಟಿಕೊಂಡವಳ ಪಕ್ಕ ಒಂದು ಗಳಿಗೆ ಕೂರದೇ ಹೋದೆನಲ್ಲ ಎಂದು, ಪರರ ಶೆಡ್ಡು ಎಂಬುದನ್ನೂ ಮರೆತು ಅತ್ತ. ರಹಮಾನಸಾಬ ಹೊಸ ಪ್ಲಗ್‌ಗಳನ್ನು ಬಿಗಿಯತೊಡಗಿದ.

ಡಯಾಲಿಸಿಸ್‌ನ ದಿನ ಬಂದಾಗ ಕೈ ತಾನಾಗಿ ಕಾರನ್ನು ದವಾಖಾನೆಯ ಕಡೆ ತಿರುಗಿಸಿತು. ಬೇವಿನಡಿ ನಿಲ್ಲಿಸಿ ಬಂದ್ ಮಾಡಿದ. ನಂಬಿಕೆ ಸಾಲದೆ ಮತ್ತೆ ಚಾವಿ ತಿರುವಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಪುನಃ ಬಂದ್ ಮಾಡಿ ಇಳಿದು ಒಳಗೆ ಹೋದ. ಪಕೀರಮ್ಮ ಮಲಗುತ್ತಿದ್ದ ಮಂಚದಲ್ಲಿ ಗುರುತಿಲ್ಲದ ಮುದುಕಿಯೊಬ್ಬಳಿದ್ದಳು. ಜೊತೆಗೆ ಬಂದವರು ಚಹಾಕ್ಕೆ ಹೋಗಿದ್ದರೇನೋ, ಸ್ಟೂಲು ಖಾಲಿ ಇತ್ತು. ಗದ್ದೆಪ್ಪ ಅದರ ಮೇಲೆ ಕೂತ.

"ಯಾರಪ್ಪಾ ನೀ?" ಎಂದಳು ಮುದುಕಿ.

"ಗಾಡಿ ಬಂದ್ ಮಾಡಿ ಬಂದೀನಿ" ಎಂದ ಗದ್ದೆಪ್ಪ.